ಚುಕ್ಕೆ ಇರುವುದೊಂದು ಕಡೆ, ಸೆನ್ಸರ್ ತೋರಿಸುವುದೊಂದು ಕಡೆ: ದೋಷ ಹುಡುಕುವ ಕ್ರಮ

ಲೇಸರ್ ಚುಕ್ಕೆ ಎಲ್ಲಿ ಬಿದ್ದಿದೆ ಎಂದು ಅಳೆಯಲು ಒಂದು ಸೆಟಪ್ ಮಾಡಿಕೊಂಡಿದ್ದೀರಿ. ಚುಕ್ಕೆ ನಿಂತಲ್ಲೇ ನಿಂತಿದೆ, ರೀಡಿಂಗ್ ಮಾತ್ರ ಕುಣಿಯುತ್ತಿದೆ. ಅಥವಾ ಚುಕ್ಕೆಯನ್ನು 4 ಮಿಮೀ ಸರಿಸಿದರೆ ಸೆನ್ಸರ್ 3.6 ಎನ್ನುತ್ತದೆ. ಬೆಳಗ್ಗೆ ಸರಿ ಇದ್ದದ್ದು ಮಧ್ಯಾಹ್ನಕ್ಕೆ ಸರಿದುಹೋಗಿರುತ್ತದೆ. ಆಗ ತಲೆಗೆ ಬರುವ ಮೊದಲ ಯೋಚನೆ, ಸೆನ್ಸರ್ ಕೆಟ್ಟಿದೆ, ಇನ್ನೊಂದು ತರಿಸೋಣ ಎಂದು. ದಯವಿಟ್ಟು ಸ್ವಲ್ಪ ತಡೆಯಿರಿ. ಇಂಥ ತೊಂದರೆಗಳಲ್ಲಿ ಸೆನ್ಸರ್ ನಿಜವಾಗಿ ಕೆಟ್ಟಿರುವುದು ಅಪರೂಪ. ತನ್ನ ಮೇಲೆ ಬಿದ್ದ ಎಲ್ಲ ಬೆಳಕಿಗೂ ಅದು ಸರಿಯಾಗಿಯೇ ಲೆಕ್ಕ ಕೊಡುತ್ತಿರುತ್ತದೆ. ನಿಮಗೆ ಬೇಕಿರುವುದು ಅದರಲ್ಲಿ ಒಂದು ಪಾಲು ಬೆಳಕಿನ ಲೆಕ್ಕ ಮಾತ್ರ.

ಯಾವ ಪಾಲು ಎಲ್ಲಿಂದ ಬಂತು ಎಂದು ಪತ್ತೆ ಹಚ್ಚಲು ಒಂದು ಸಂಖ್ಯೆ ತುಂಬಾ ಸಹಾಯ ಮಾಡುತ್ತದೆ. ಅದು ಮೊತ್ತ, ಅಂದರೆ ಸೆನ್ಸರಿನ ಎಲ್ಲ ಚಾನೆಲ್‌ಗಳನ್ನು (ಸಿಗ್ನಲ್ ಹೊರಬರುವ ದಾರಿಗಳನ್ನು) ಕೂಡಿದಾಗ ಬರುವ ಸಿಗ್ನಲ್. ಸ್ಥಾನ ಲೆಕ್ಕ ಹಾಕುವಾಗ ಇದರಿಂದ ಭಾಗಿಸಿ, ಆಮೇಲೆ ಬಹಳ ಜನ ಇದನ್ನು ಬಿಸಾಡಿಬಿಡುತ್ತಾರೆ. ಬಿಸಾಡಬೇಡಿ. ಸ್ಥಾನದ ಪಕ್ಕದಲ್ಲೇ ಮೊತ್ತವನ್ನೂ ದಾಖಲಿಸಿ. ಮುಂದೆ ಹೇಳುವ ಪರೀಕ್ಷೆಗಳೆಲ್ಲ ಇದರ ಮೇಲೇ ನಿಂತಿವೆ.

ಯಾವ ಸೆನ್ಸರ್ ಏನನ್ನು ಅಳೆಯುತ್ತದೆ

ಮೊದಲನೆಯದು ಪಿಎಸ್‌ಡಿ, ಅಂದರೆ ಪೊಸಿಷನ್ ಸೆನ್ಸಿಟಿವ್ ಡಿಟೆಕ್ಟರ್. ಇದು ಒಂದೇ ಒಂದು ದೊಡ್ಡ ಸಿಲಿಕಾನ್ ಫೋಟೋಡಯೋಡ್. ಅದರ ಮೇಲ್ಪದರಕ್ಕೆ ಒಂದೇ ಸಮನಾದ ವಿದ್ಯುತ್ ರೋಧ ಇರುತ್ತದೆ. ಬೆಳಕು ಬಿದ್ದ ಜಾಗದಲ್ಲಿ ಹುಟ್ಟಿದ ಕರೆಂಟ್ ಎರಡು ತುದಿಗಳಿಗೆ ಹಂಚಿಹೋಗುತ್ತದೆ. ಹತ್ತಿರದ ತುದಿಗೆ ಜಾಸ್ತಿ, ದೂರದ ತುದಿಗೆ ಕಡಿಮೆ. ಬಲ ತುದಿಯ ಕರೆಂಟನ್ನು ‘ಬಲ’, ಎಡ ತುದಿಯದ್ದನ್ನು ‘ಎಡ’ ಎಂದರೆ, ನಡುವಿನಿಂದ ಅಳೆದ ಸ್ಥಾನದ ಲೆಕ್ಕ ಇಷ್ಟೇ:

ಸ್ಥಾನ = (ಸೆನ್ಸರಿನ ಉದ್ದ ÷ 2) × (ಬಲ − ಎಡ) ÷ (ಬಲ + ಎಡ)

ಈ ಪರಿಣಾಮವನ್ನು ಜರ್ಮನ್ ಭೌತವಿಜ್ಞಾನಿ ಶಾಟ್ಕಿ 1930ರಲ್ಲೇ ಗಮನಿಸಿದ್ದರು. 1957ರಲ್ಲಿ ವಾಲ್‌ಮಾರ್ಕ್ ಇದನ್ನು ಸ್ಥಾನ ಅಳೆಯುವ ಸಾಧನವಾಗಿ ತೋರಿಸಿದರು. ಪಿಎಸ್‌ಡಿ ಹೇಳುವುದು ಬಿದ್ದ ಬೆಳಕಿನ ತೂಕದ ಕೇಂದ್ರವನ್ನು. ಒಂದು ಹಲಗೆಯ ಮೇಲೆ ಅಲ್ಲಲ್ಲಿ ತೂಕ ಇಟ್ಟರೆ ಅದು ಯಾವ ಬಿಂದುವಿನಲ್ಲಿ ಸಮತೋಲನಕ್ಕೆ ಬರುತ್ತದೋ ಅಂಥದ್ದೇ ಬಿಂದು ಇದು. ಚುಕ್ಕೆ ದುಂಡಗಿದೆಯೋ ಚಪ್ಪಟೆಯಾಗಿದೆಯೋ ಎಂಬ ಚಿಂತೆ ಇದಕ್ಕಿಲ್ಲ. ಆದರೆ ಲೇಸರ್ ಯಾವುದು, ಕೋಣೆಯ ದೀಪ ಯಾವುದು ಎಂಬ ಭೇದವೂ ಇದಕ್ಕೆ ತಿಳಿಯುವುದಿಲ್ಲ.

ಎರಡನೆಯದು ಕ್ವಾಡ್ರಂಟ್ ಫೋಟೋಡಯೋಡ್. ನಾಲ್ಕು ಡಯೋಡ್‌ಗಳು ಅಕ್ಕಪಕ್ಕ, ನಡುವೆ ಸಣ್ಣ ಸಂದು. ಯಾವ ಭಾಗದ ಮೇಲೆ ಎಷ್ಟು ಬೆಳಕು ಬಿತ್ತು ಎಂಬ ವ್ಯತ್ಯಾಸವನ್ನು ಮಾತ್ರ ಇದು ಹೇಳುತ್ತದೆ. ಚುಕ್ಕೆ ನಡುವಿನಿಂದ ಸ್ವಲ್ಪ ಸರಿದರೂ ತಕ್ಷಣ ಗೊತ್ತಾಗುತ್ತದೆ. ಸೂಕ್ಷ್ಮ ಮೊನೆಯಿಂದ ಮೈಯನ್ನು ತಡವಿ ನೋಡುವ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪಿನಲ್ಲಿ ಇದನ್ನು ಬಳಸುವುದು ಅದಕ್ಕೇ.

ಮೂರನೆಯದು ಕ್ಯಾಮೆರಾ. ಅದು ಇಡೀ ಚಿತ್ರ ಕೊಡುತ್ತದೆ, ಚುಕ್ಕೆ ಎಲ್ಲಿದೆ ಎಂದು ನಿರ್ಧರಿಸುವುದು ನಿಮ್ಮ ಸಾಫ್ಟ್‌ವೇರ್. ವೇಗ ಕಡಿಮೆ. ಆದರೆ ಏನು ತಪ್ಪಾಗಿದೆ ಎಂದು ಕಣ್ಣಿಂದ ನೋಡಲು ಸಾಧ್ಯವಾಗುವುದು ಇದೊಂದರಲ್ಲೇ. ಹಾಗಾಗಿ ನೀವು ಅಂತಿಮವಾಗಿ ಪಿಎಸ್‌ಡಿ ಬಳಸುವವರಾದರೂ, ದೋಷ ಹುಡುಕಲು ಒಂದು ಸಾದಾ ಕ್ಯಾಮೆರಾ ಕೈಯಲ್ಲಿರಲಿ.

ಮೊದಲು ಈ ನಾಲ್ಕು ಪರೀಕ್ಷೆ

ಕತ್ತಲೆ ಪರೀಕ್ಷೆಯಿಂದ ಶುರು ಮಾಡಿ. ಲೇಸರ್ ಹೊರಡುವ ಕಡೆಯೇ ಅದನ್ನು ತಡೆದು ಮೊತ್ತ ಬರೆದುಕೊಳ್ಳಿ. ಆಮೇಲೆ ಸೆನ್ಸರನ್ನೇ ಪೂರ್ತಿ ಮುಚ್ಚಿ ಮತ್ತೆ ಬರೆದುಕೊಳ್ಳಿ. ಎರಡನೆಯ ಸಂಖ್ಯೆ ನಿಮ್ಮ ಸರ್ಕ್ಯೂಟಿನ ಆಫ್‌ಸೆಟ್, ಅಂದರೆ ಬೆಳಕೇ ಇಲ್ಲದಾಗಲೂ ಬರುವ ಸುಳ್ಳು ಸಿಗ್ನಲ್. ಎರಡರ ನಡುವಿನ ವ್ಯತ್ಯಾಸ ಕೋಣೆಯ ಬೆಳಕು. ಇಷ್ಟು ಮಾಡುವಷ್ಟರಲ್ಲೇ ಅರ್ಧ ಸಮಸ್ಯೆಗಳ ಮೂಲ ಸಿಕ್ಕಿರುತ್ತದೆ.

ಎರಡನೆಯದು ಪವರ್ ಪರೀಕ್ಷೆ. ಬೆಳಕನ್ನು ಅರ್ಧಕ್ಕೆ ಇಳಿಸಿ. ಸ್ಥಾನ ಬದಲಾಗಬಾರದು. ಇಲ್ಲೊಂದು ಎಚ್ಚರಿಕೆ ಬೇಕು. ಲೇಸರ್ ಡಯೋಡಿನ ಕರೆಂಟ್ ಕಡಿಮೆ ಮಾಡಿ ಪವರ್ ಇಳಿಸಿದರೆ ಕಿರಣದ ಆಕಾರ, ದಿಕ್ಕು ಎರಡೂ ಸ್ವಲ್ಪ ಬದಲಾಗಬಹುದು. ಕಪ್ಪು ಗಾಜಿನ ಫಿಲ್ಟರ್ ಅಡ್ಡ ಇಡುವುದು ಮೇಲು. ಆದರೆ ಆ ಗಾಜೂ ಕಿರಣವನ್ನು ಸರಿಸುತ್ತದೆ. 2 ಮಿಮೀ ದಪ್ಪದ ಗಾಜು 5 ಡಿಗ್ರಿ ಓರೆಯಾಗಿದ್ದರೆ ಕಿರಣ ಸುಮಾರು 60 ಮೈಕ್ರಾನ್ (0.06 ಮಿಮೀ) ಪಕ್ಕಕ್ಕೆ ಹೋಗುತ್ತದೆ. ಹಾಗಾಗಿ ಫಿಲ್ಟರ್ ಇಟ್ಟು ಒಮ್ಮೆ, ತೆಗೆದು ಒಮ್ಮೆ ಅಳೆಯಬೇಡಿ. ಒಂದೇ ದಪ್ಪದ, ಬೇರೆ ಬೇರೆ ಕಪ್ಪಿನ ಎರಡು ಫಿಲ್ಟರ್‌ಗಳನ್ನು ಒಂದೇ ಹಿಡಿಕೆಯಲ್ಲಿ, ಸೆನ್ಸರಿನ ಹತ್ತಿರವೇ, ಒಂದಾದ ಮೇಲೊಂದು ಇಟ್ಟು ಹೋಲಿಸಿ.

ಮೂರನೆಯದು ಸರಿಸುವ ಪರೀಕ್ಷೆ. ಕಿರಣವನ್ನು ಮುಟ್ಟಬೇಡಿ, ಸೆನ್ಸರನ್ನು ಸರಿಸಿ. ಮೈಕ್ರೋಮೀಟರ್ ಸ್ಕ್ರೂ ಇರುವ ಸ್ಟೇಜಿನ ಮೇಲೆ ಕೂರಿಸಿ, ಅರ್ಧ ಅರ್ಧ ಮಿಲಿಮೀಟರಿನಂತೆ ಈ ತುದಿಯಿಂದ ಆ ತುದಿಗೆ ಹೋಗಿ, ಸ್ಟೇಜ್ ಸರಿದ ದೂರಕ್ಕೆ ಎದುರಾಗಿ ಸೆನ್ಸರ್ ತೋರಿಸಿದ ಸ್ಥಾನದ ಗ್ರಾಫ್ ಹಾಕಿ. ಪ್ರತಿ ಹೆಜ್ಜೆಯಲ್ಲೂ ಮೊತ್ತ ಬರೆಯಿರಿ. ಗ್ರಾಫಿನ ಆಕಾರವೇ ಮುಂದಿನ ದಾರಿ ತೋರಿಸುತ್ತದೆ.

ಕೊನೆಯದಾಗಿ ಲೇಸರ್ ಆನ್ ಇಟ್ಟು, ಏನನ್ನೂ ಅಲುಗಿಸದೆ ಒಂದು ಗಂಟೆ ಸುಮ್ನೆ ರೆಕಾರ್ಡ್ ಮಾಡಿ.

ನಡುವೆ ಸರಿ, ಅಂಚಿಗೆ ಹೋದಂತೆ ಕಡಿಮೆ ತೋರಿಸುತ್ತದೆ

ಗ್ರಾಫ್ ನೇರವಾಗಿದೆ, ಇಳಿಜಾರು ಮಾತ್ರ ಕಡಿಮೆ ಎಂದಾದರೆ ಕೋಣೆಯ ಬೆಳಕನ್ನೇ ಮೊದಲು ಅನುಮಾನಿಸಿ. ಪಿಎಸ್‌ಡಿ ಮೇಲೆ ಸಮನಾಗಿ ಹರಡಿದ ಬೆಳಕಿನ ಕೇಂದ್ರ ಯಾವಾಗಲೂ ಸೆನ್ಸರಿನ ನಡುವೆಯೇ ಇರುತ್ತದೆ. ಅದು ಲೇಸರ್ ಚುಕ್ಕೆಯನ್ನೂ ನಡುವಿಗೆ ಎಳೆಯುತ್ತದೆ. ಕೋಣೆಯ ಬೆಳಕು ಲೇಸರಿನ ಹತ್ತನೇ ಒಂದು ಪಾಲು ಇದ್ದರೆ, ನಡುವಿನಿಂದ 4 ಮಿಮೀ ದೂರದ ಚುಕ್ಕೆ 4 ÷ 1.1, ಅಂದರೆ 3.64 ಮಿಮೀ ಎಂದು ಕಾಣುತ್ತದೆ. ನಡುವೆ ಇಟ್ಟು ನೋಡಿದರೆ ತಪ್ಪೇ ಇಲ್ಲ! ಬರೀ ನಡುವೆ ಪರೀಕ್ಷಿಸಿ ‘ಎಲ್ಲ ಸರಿ ಇದೆ’ ಎಂದು ಬಿಟ್ಟುಬಿಡುವುದು ಇದೇ ಕಾರಣಕ್ಕೆ. ಕತ್ತಲೆ ಪರೀಕ್ಷೆಯ ಮೊತ್ತವೂ ಇಲ್ಲಿನ ಇಳಿಜಾರೂ ಹೊಂದುತ್ತವೆಯೇ ಎಂದು ಲೆಕ್ಕ ಹಾಕಿ ನೋಡಿ. ಹೊಂದಿದರೆ ದೋಷ ಸಿಕ್ಕಿತು.

ಪರಿಹಾರಕ್ಕೆ ಮೂರು ಮೆಟ್ಟಿಲು. ಸೆನ್ಸರಿಗೆ ಕಪ್ಪು ಕೊಳವೆಯ ಮರೆ ಕಟ್ಟಿ. ಸಾಲದಿದ್ದರೆ ಲೇಸರಿನ ಬಣ್ಣವನ್ನು ಮಾತ್ರ ಬಿಡುವ ಫಿಲ್ಟರ್ ಹಾಕಿ. ಇದರಲ್ಲಿ ಅತಿ ಆಸೆ ಬೇಡ. ಕೆಂಪು ಲೇಸರ್ ಡಯೋಡಿನ ತರಂಗಾಂತರ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ 0.2ರಿಂದ 0.3 ನ್ಯಾನೊಮೀಟರ್ ಸರಿಯುತ್ತದೆ. ಫಿಲ್ಟರ್ ಓರೆಯಾದರೆ ಅದು ಬಿಡುವ ಬಣ್ಣದ ಕಿಂಡಿಯೂ ನೀಲಿಯ ಕಡೆಗೆ ಸರಿಯುತ್ತದೆ. 10 ನ್ಯಾನೊಮೀಟರ್ ಅಗಲದ ಫಿಲ್ಟರಿನಲ್ಲಿ ಇವೆರಡೂ ಸೇರಿದರೆ ಲೇಸರೇ ಹೊರಗುಳಿಯಬಹುದು. ಬಿಸಿ ಏರಿದಂತೆ ಮೊತ್ತ ಇಳಿಯುತ್ತಿದ್ದರೆ ಇದನ್ನು ನೆನಪಿಸಿಕೊಳ್ಳಿ.

ಮೂರನೆಯ ಮೆಟ್ಟಿಲೇ ನನಗೆ ಎಲ್ಲಕ್ಕಿಂತ ಇಷ್ಟ: ಲೇಸರನ್ನು ಕೆಲವು ಕಿಲೋಹರ್ಟ್ಜ್ ವೇಗದಲ್ಲಿ ಆನ್-ಆಫ್ ಮಾಡಿ, ಆನ್ ಇದ್ದಾಗಿನ ರೀಡಿಂಗಿನಿಂದ ಆಫ್ ಇದ್ದಾಗಿನದ್ದನ್ನು ಪ್ರತಿ ಚಾನೆಲ್‌ನಲ್ಲೂ ಕಳೆಯುವುದು. ಭಾಗಿಸುವ ಮೊದಲೇ ಕಳೆಯಬೇಕು. ಭಾಗಿಸಿದ ಮೇಲೆ ಕಳೆದರೆ ಏನೂ ಸರಿಹೋಗುವುದಿಲ್ಲ. ಹಾಗೆಯೇ, ಸೆನ್ಸರಿನ ಸಣ್ಣ ಕರೆಂಟನ್ನು ವೋಲ್ಟೇಜ್ ಮಾಡಿ ಹಿಗ್ಗಿಸುವ ಆಂಪ್ಲಿಫೈಯರನ್ನು ಕೋಣೆಯ ಬೆಳಕು ಮೊದಲೇ ಅದರ ಮಿತಿಯವರೆಗೆ ತುಂಬಿಸಿಬಿಟ್ಟಿದ್ದರೆ ಈ ಉಪಾಯವೂ ನಡೆಯುವುದಿಲ್ಲ.

ಕತ್ತಲೆಯ ಮೊತ್ತ ಸೊನ್ನೆಯೇ ಇದ್ದು, ಗ್ರಾಫ್ ಅಂಚಿನಲ್ಲಿ ಬಾಗಿದ್ದರೆ ಕಾರಣ ಬೇರೆ. ಎರಡು ದಿಕ್ಕು ಅಳೆಯುವ ಪಿಎಸ್‌ಡಿಗಳಲ್ಲಿ ಟೆಟ್ರಾ-ಲ್ಯಾಟರಲ್ ಎಂಬ ಬಗೆಯದ್ದು ಮೂಲೆಗಳಲ್ಲಿ ಚೆನ್ನಾಗಿಯೇ ಬಾಗುತ್ತದೆ. ನಾಲ್ಕೂ ಎಲೆಕ್ಟ್ರೋಡ್‌ಗಳು ಒಂದೇ ಪದರದ ಮೇಲಿರುವುದರಿಂದ ಹೀಗಾಗುತ್ತದೆ. ಡ್ಯುಯೋ-ಲ್ಯಾಟರಲ್ ಬಗೆಯಲ್ಲಿ ಒಂದು ದಿಕ್ಕಿಗೆ ಮೇಲಿನ ಪದರ, ಇನ್ನೊಂದಕ್ಕೆ ಕೆಳಗಿನದು. ಅದರ ಗೆರೆ ಹೆಚ್ಚು ನೇರ. ಮೂಲೆಯವರೆಗೂ ನಿಖರತೆ ಬೇಕೆಂದರೆ ಇದನ್ನೇ ಆರಿಸಿ.

ಬೆಳಕು ತೀರಾ ಜಾಸ್ತಿಯಾದರೂ ಗೆರೆ ಬಾಗುತ್ತದೆ. 650 ನ್ಯಾನೊಮೀಟರಿನ 1 ಮಿಲಿವ್ಯಾಟ್ ಬೆಳಕಿಗೆ ಸಿಲಿಕಾನ್ ಸುಮಾರು 0.4 ಮಿಲಿಆಂಪಿಯರ್ ಕೊಡುತ್ತದೆ. ಅಷ್ಟು ಕರೆಂಟ್ ರೋಧದ ಪದರದಲ್ಲಿ ಹರಿದಾಗ ವೋಲ್ಟೇಜ್ ಬೀಳುತ್ತದೆ. ರಿವರ್ಸ್ ಬಯಾಸ್ (ಡಯೋಡಿಗೆ ಹೊರಗಿನಿಂದ ಕೊಡುವ ಉಲ್ಟಾ ವೋಲ್ಟೇಜ್) ಇಲ್ಲದಿದ್ದರೆ ಡಯೋಡ್ ಒಳಗೊಳಗೇ ಫಾರ್ವರ್ಡ್ ಆಗಿ, ಅಂದರೆ ತನ್ನ ಮೂಲಕವೇ ಕರೆಂಟ್ ಬಿಡತೊಡಗಿ, ಕರೆಂಟ್ ತುದಿಗೆ ತಲುಪದೆ ಅಲ್ಲೇ ಸೋರುತ್ತದೆ. ಪವರ್ ಇಳಿಸಿ ಅಳೆದಾಗ ಗೆರೆ ನೇರವಾದರೆ ಇದೇ ಕಾರಣ. ಡೇಟಾಶೀಟ್ ಒಪ್ಪುವಷ್ಟು ಬಯಾಸ್ ಕೊಡಿ, ಬೆಳಕು ತಗ್ಗಿಸಿ.

ಪವರ್ ಬದಲಾದರೆ ಸ್ಥಾನವೂ ಬದಲಾಗುತ್ತದೆ

ಇದು ಸರ್ಕ್ಯೂಟಿನ ದೋಷ, ಮತ್ತು ಬಹಳ ಜನರನ್ನು ಸುಸ್ತು ಮಾಡುವ ದೋಷ. ಮೊದಲು ಎರಡು ವಿಷಯ ಬೇರೆ ಮಾಡಿಕೊಳ್ಳಿ. ಎರಡು ಚಾನೆಲ್‌ಗಳ ಗೇನ್ (ಸಿಗ್ನಲನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು) ಬೇರೆ ಬೇರೆ ಇದ್ದರೆ ಸ್ಥಾನ ತಪ್ಪಾಗುತ್ತದೆ ನಿಜ, ಆದರೆ ಆ ತಪ್ಪು ಪವರ್ ಜೊತೆ ಬದಲಾಗುವುದಿಲ್ಲ. ಪವರ್ ಜೊತೆ ಬದಲಾಗುವುದು ಆಫ್‌ಸೆಟ್‌ನಿಂದ, ಅಥವಾ ಆಂಪ್ಲಿಫೈಯರ್ ತುಂಬಿಹೋಗುವುದರಿಂದ. ಬೆಳಕು ಕಡಿಮೆಯಾದಷ್ಟೂ ತಪ್ಪು ಹೆಚ್ಚಿದರೆ ಆಫ್‌ಸೆಟ್. ಬೆಳಕು ಜಾಸ್ತಿಯಾದಾಗ ಮಾತ್ರ ತಪ್ಪು ಬಂದರೆ ತುಂಬಿಹೋಗಿದೆ. ಆಗ ಪವರ್ ಏರಿಸಿದರೂ ಮೊತ್ತ ಅದಕ್ಕೆ ತಕ್ಕಂತೆ ಏರದೆ ನಿಂತಿರುತ್ತದೆ.

ಪಿಎಸ್‌ಡಿಯಲ್ಲಿ ಆಫ್‌ಸೆಟ್ ಯಾಕೆ ಇಷ್ಟು ಕಾಡುತ್ತದೆ ಎಂದು ಒಮ್ಮೆ ಲೆಕ್ಕ ಹಾಕೋಣ. ಎರಡು ತುದಿಗಳ ನಡುವಿನ ಪದರ 10 ಕಿಲೋಓಮ್ ಇದೆ, ಆಂಪ್ಲಿಫೈಯರಿನ ಗೇನ್ ನಿರ್ಧರಿಸುವ ಫೀಡ್‌ಬ್ಯಾಕ್ ರೆಸಿಸ್ಟರ್ 100 ಕಿಲೋಓಮ್ ಇದೆ ಎಂದುಕೊಳ್ಳಿ. ಒಂದು ಆಪ್-ಆಂಪ್‌ನಲ್ಲಿ (ಆಂಪ್ಲಿಫೈಯರಿನ ಚಿಪ್‌ನಲ್ಲಿ) 0.2 ಮಿಲಿವೋಲ್ಟ್ ಆಫ್‌ಸೆಟ್ ಇದೆ. ಆ ವೋಲ್ಟೇಜ್ ಪದರದ ಮೂಲಕ ಇನ್ನೊಂದು ಆಂಪ್ಲಿಫೈಯರಿಗೆ ಕರೆಂಟ್ ತಳ್ಳುತ್ತದೆ. ಹೀಗಾಗಿ ಆಫ್‌ಸೆಟ್ ಇರುವ ಆಪ್-ಆಂಪ್‌ನ ಔಟ್‌ಪುಟ್ 2.2 ಮಿಲಿವೋಲ್ಟ್ ಒಂದು ಕಡೆಗೂ, ಪಕ್ಕದ್ದರ ಔಟ್‌ಪುಟ್ 2 ಮಿಲಿವೋಲ್ಟ್ ಎದುರು ಕಡೆಗೂ ಸರಿಯುತ್ತವೆ. ಪ್ರತಿ ಚಾನೆಲ್‌ಗೆ 1 ಮೈಕ್ರೋಆಂಪಿಯರ್ ಬರುತ್ತಿದ್ದರೆ ಮೊತ್ತ 200 ಮಿಲಿವೋಲ್ಟ್. 10 ಮಿಮೀ ಸೆನ್ಸರಿನಲ್ಲಿ ಇದು 0.1 ಮಿಮೀ ತಪ್ಪು. ಅಷ್ಟು ಚಿಕ್ಕ ಆಫ್‌ಸೆಟ್‌ನಿಂದ ಇಷ್ಟು ದೊಡ್ಡ ತಪ್ಪು! ಸಾದಾ ಫೋಟೋಡಯೋಡಿಗೆ ನಡೆಯುವ ಆಪ್-ಆಂಪ್ ಇಲ್ಲಿ ನಡೆಯುವುದಿಲ್ಲ ಎನ್ನುವುದು ಇದಕ್ಕೇ. ಆಫ್‌ಸೆಟ್ ತುಂಬಾ ಕಡಿಮೆ ಇರುವ ಆಪ್-ಆಂಪ್ ಹಾಕಿ, ಕತ್ತಲೆಯ ರೀಡಿಂಗನ್ನು ಪ್ರತಿ ಚಾನೆಲ್‌ನಿಂದ ಕಳೆಯಿರಿ, ಸಾಧ್ಯವಾದರೆ ಬೆಳಕು ಹೆಚ್ಚಿಸಿ.

ಒಂದೇ ಕಡೆಗೆ ಎಳೆದಂತೆ ತಪ್ಪು

ಗ್ರಾಫಿನಲ್ಲಿ ಒಂದು ಕಡೆ ಮಾತ್ರ ಸೊಟ್ಟ, ಅಥವಾ ಇಡೀ ಗೆರೆಯೇ ಪಕ್ಕಕ್ಕೆ ಸರಿದಿದೆ ಎಂದರೆ ಕಳ್ಳ ಬೆಳಕನ್ನು ಹುಡುಕಿ. ಲೇಪನವಿಲ್ಲದ ಗಾಜಿನ ಒಂದೊಂದು ಮೈಯೂ ಸುಮಾರು ನೂರಕ್ಕೆ 4ರಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಲೇಸರಿನ ಒಟ್ಟು ಬೆಳಕಿನಲ್ಲಿ ಬರೀ ನೂರಕ್ಕೆ 1ರಷ್ಟು ಹೀಗೆ ಸುತ್ತಿ ಬಳಸಿ ಸೆನ್ಸರಿನ ಮೇಲೆ, ನಿಜವಾದ ಚುಕ್ಕೆಯಿಂದ 5 ಮಿಮೀ ದೂರ ಬಿದ್ದರೂ ಸಾಕು, ಪಿಎಸ್‌ಡಿ 50 ಮೈಕ್ರಾನ್ ತಪ್ಪು ತೋರಿಸುತ್ತದೆ. ಕಣ್ಣಿಗೆ ಆ ಮರಿ ಚುಕ್ಕೆ ಕಾಣುವುದೂ ಕಷ್ಟ.

ಹುಡುಕುವ ದಾರಿ ಹೀಗೆ. ಸೆನ್ಸರ್ ಜಾಗದಲ್ಲಿ ಕ್ಯಾಮೆರಾ ಇಟ್ಟು, ಮುಖ್ಯ ಚುಕ್ಕೆ ಪೂರ್ತಿ ಬೆಳ್ಳಗಾಗುವಷ್ಟು ಎಕ್ಸ್‌ಪೋಷರ್ ಏರಿಸಿ. ಆಗ ಮರಿ ಚುಕ್ಕೆಗಳು ಎದ್ದು ಕಾಣುತ್ತವೆ. ಕ್ಯಾಮೆರಾ ಇಲ್ಲದಿದ್ದರೆ ಕಿರಣದ ದಾರಿಯ ಪಕ್ಕದಲ್ಲಿ ಕಪ್ಪು ಕಾರ್ಡನ್ನು ಮೆಲ್ಲಗೆ ಸರಿಸುತ್ತಾ ಮೊತ್ತ ನೋಡಿ. ಮುಖ್ಯ ಕಿರಣವನ್ನು ಮುಟ್ಟದೆಯೇ ಮೊತ್ತ ಇಳಿಯಿತು, ಸ್ಥಾನ ಜಿಗಿಯಿತು ಎಂದರೆ ಕಳ್ಳ ಬೆಳಕು ಆ ದಾರಿಯಲ್ಲೇ ಬರುತ್ತಿದೆ. ಸೆನ್ಸರನ್ನು ಕೆಲವು ಡಿಗ್ರಿ ಓರೆ ಮಾಡಿದರೆ ಅದರ ಮೇಲಿನ ಗಾಜಿನ ಪ್ರತಿಫಲನ ಹಿಂದಿರುಗಿ ಲೇಸರಿಗೆ ಹೊಡೆಯುವುದೂ ತಪ್ಪುತ್ತದೆ. ಒಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ: ಕಪ್ಪು ಆನೋಡೈಸ್ ಮಾಡಿದ ಅಲ್ಯುಮಿನಿಯಂ ನಮ್ಮ ಕಣ್ಣಿಗಷ್ಟೇ ಕಪ್ಪು. ಇನ್‌ಫ್ರಾರೆಡ್ ಬೆಳಕಿಗೆ ಅದು ಸಾಕಷ್ಟು ಹೊಳೆಯಬಹುದು. ಇನ್‌ಫ್ರಾರೆಡ್ ಲೇಸರ್ ಬಳಸುವವರು ಮರೆಯ ಒಳಮೈಯನ್ನು ಕ್ಯಾಮೆರಾದಲ್ಲಿ ಒಮ್ಮೆ ನೋಡಿಬಿಡಿ. ಕಾಣದ ಕಿರಣವಾದ್ದರಿಂದ ಕಣ್ಣಿಗೆ ಅದರ ಅಪಾಯವೂ ಹೆಚ್ಚು. ಸರಿಯಾದ ಲೇಸರ್ ಕನ್ನಡಕ ಹಾಕಿಕೊಂಡೇ ಈ ಕೆಲಸ ಮಾಡಿ.

ಒರಟು ಮೈಯಿಂದ ಚದುರಿ ಬಂದ ಚುಕ್ಕೆಯನ್ನು ಅಳೆಯುತ್ತಿದ್ದರೆ, ಉದಾಹರಣೆಗೆ ಲೇಸರಿನಿಂದ ದೂರ ಅಳೆಯುವಾಗ, ಈ ತೊಂದರೆ ಪೂರ್ತಿ ಹೋಗುವುದಿಲ್ಲ. ಪಕ್ಕದ ಮೈಗಳಿಂದ ಎರಡನೇ ಸಲ ಹೊಡೆದು ಬಂದ ಬೆಳಕನ್ನೂ ಪಿಎಸ್‌ಡಿ ಕೂಡಿಸಿಕೊಳ್ಳುತ್ತದೆ. ಒಂದೇ ಸಾಲಿನಲ್ಲಿ ಪಿಕ್ಸೆಲ್‌ಗಳಿರುವ ಸಾಲು ಕ್ಯಾಮೆರಾ ಆದರೆ ಎತ್ತರದ ಶಿಖರವನ್ನು ಮಾತ್ರ ಆರಿಸಿ ಉಳಿದದ್ದನ್ನು ಬಿಡಬಹುದು. ಇಲ್ಲಿ ಸೆನ್ಸರ್ ಬದಲಿಸುವುದೇ ಸರಿಯಾದ ರಿಪೇರಿ.

ರೀಡಿಂಗ್ ಕುಣಿಯುತ್ತದೆ, ಅಥವಾ ನಿಧಾನವಾಗಿ ಸರಿಯುತ್ತದೆ

ಒಂದು ಗಂಟೆಯ ರೆಕಾರ್ಡ್ ತೆಗೆದು ಸ್ಥಾನ ಮತ್ತು ಮೊತ್ತವನ್ನು ಒಂದರ ಕೆಳಗೊಂದು ಇಡಿ. ಎರಡೂ ಒಟ್ಟಿಗೆ ಕುಣಿಯುತ್ತಿದ್ದರೆ ಬೆಳಕಿನದ್ದೋ ಸರ್ಕ್ಯೂಟಿನದ್ದೋ ತೊಂದರೆ. 50 ಹರ್ಟ್ಜ್ ಮೇನ್ಸ್ ಇರುವ ಕಡೆ ದೀಪದ ಮಿನುಗು 100 ಹರ್ಟ್ಜ್‌ನಲ್ಲಿ ಬರುತ್ತದೆ, 60 ಇರುವ ಕಡೆ 120ರಲ್ಲಿ. ಬರೀ 50 ಅಥವಾ 60 ಕಂಡರೆ ದೀಪಕ್ಕಿಂತ ವೈರಿಂಗ್, ಗ್ರೌಂಡ್, ಪವರ್ ಸಪ್ಲೈ ಕಡೆ ನೋಡಿ.

ಮೊತ್ತ ಅಲುಗದೆ ಸ್ಥಾನ ಮಾತ್ರ ಅಲೆಯುತ್ತಿದ್ದರೆ ಚುಕ್ಕೆ ನಿಜಕ್ಕೂ ಸರಿಯುತ್ತಿದೆ. ಸೆನ್ಸರ್ ನಿಮಗೆ ನಿಜವನ್ನೇ ಹೇಳುತ್ತಿದೆ! ಸೆಕೆಂಡುಗಳ ಲೆಕ್ಕದಲ್ಲಿ ಗೊತ್ತುಗುರಿಯಿಲ್ಲದೆ ಅಲೆದರೆ ಗಾಳಿ. ಕಿರಣದ ದಾರಿಗೆ ಕೊಳವೆ ಹಾಕಿ ನೋಡಿ, ತಕ್ಷಣ ಕಡಿಮೆಯಾಗುತ್ತದೆ. ನಿರ್ದಿಷ್ಟ ಆವರ್ತನದಲ್ಲಿ ಕಂಪಿಸಿದರೆ ಫ್ಯಾನ್, ಮೋಟರ್, ಮೇಜು. ಗಂಟೆಗಟ್ಟಲೆ ಒಂದೇ ಕಡೆ ಸರಿದರೆ ಬಿಸಿ. ಲೇಸರಿನ ದಿಕ್ಕು 1 ಮೈಕ್ರೋರೇಡಿಯನ್ (ರೇಡಿಯನ್ ಕೋನದ ಹತ್ತು ಲಕ್ಷದಲ್ಲೊಂದು ಪಾಲು) ತಿರುಗಿದರೂ 1 ಮೀಟರ್ ಆಚೆ ಚುಕ್ಕೆ 1 ಮೈಕ್ರಾನ್ ಸರಿಯುತ್ತದೆ. ಒಂದು ಮೀಟರ್ ಉದ್ದದ ಅಲ್ಯುಮಿನಿಯಂ ಒಂದು ಡಿಗ್ರಿಗೆ 23 ಮೈಕ್ರಾನ್ ಬೆಳೆಯುತ್ತದೆ. ಈ ಎರಡು ಸಂಖ್ಯೆ ಮನಸ್ಸಿನಲ್ಲಿದ್ದರೆ ಮೈಕ್ರಾನಿನ ಹತ್ತನೇ ಒಂದು ಭಾಗಕ್ಕಾಗಿ ದುಬಾರಿ ಸೆನ್ಸರ್ ತರಿಸುವ ಮುಂಚೆ ಯಾರಾದರೂ ಯೋಚಿಸುತ್ತಾರೆ, ಅಲ್ವಾ? ಲೇಸರ್ ಬಿಸಿಯಾಗಿ ನೆಲೆಗೆ ಬರುವವರೆಗೆ ಕಾಯಿರಿ. ಲೇಸರ್ ತಿರುಗುತ್ತಿದೆಯೋ ಚೌಕಟ್ಟು ಸರಿಯುತ್ತಿದೆಯೋ ಎಂದು ಬೇರೆ ಮಾಡಬೇಕಿದ್ದರೆ ಕಿರಣವನ್ನು ಒಡೆದು ಲೇಸರಿನ ಹತ್ತಿರ ಒಂದು, ದೂರ ಒಂದು ಸೆನ್ಸರ್ ಇಡಿ. ದೂರ ಹೆಚ್ಚಿದಷ್ಟೂ ಸರಿಯುವುದು ಹೆಚ್ಚಿದರೆ ಲೇಸರ್ ತಿರುಗುತ್ತಿದೆ.

ಕ್ವಾಡ್ರಂಟ್ ಬಳಸುವಾಗ

ಇದರ ಗ್ರಾಫ್ ನಡುವೆ ಕಡಿದಾಗಿ ಏರಿ ಎರಡೂ ಕಡೆ ಮಟ್ಟಸವಾಗುತ್ತದೆ. ಅದು ದೋಷವಲ್ಲ, ಅದರ ಗುಣ. ಚುಕ್ಕೆ ಪೂರ್ತಿ ಒಂದು ಭಾಗದೊಳಗೆ ಹೋದರೆ ರೀಡಿಂಗ್ (ವ್ಯತ್ಯಾಸ ÷ ಮೊತ್ತ) 1ರಲ್ಲಿ ನಿಂತುಬಿಡುತ್ತದೆ. ಇನ್ನು ಎಷ್ಟು ದೂರ ಹೋಯಿತು ಎಂದು ಅದಕ್ಕೆ ಗೊತ್ತಾಗುವುದಿಲ್ಲ. ನಡುವಿನ ಇಳಿಜಾರು ಚುಕ್ಕೆಯ ಗಾತ್ರದ ಮೇಲೆ ನಿಂತಿದೆ. ನಡುವೆ ಪ್ರಖರವಾಗಿ ಅಂಚಿಗೆ ಮೆಲ್ಲಗೆ ಇಳಿಯುವ ಗಾಸಿಯನ್ ಚುಕ್ಕೆಗೆ, ಬೆಳಕು ನಡುವಿನ ನೂರಕ್ಕೆ 13.5ಕ್ಕೆ ಇಳಿಯುವ ದೂರವನ್ನು ತ್ರಿಜ್ಯ ಎಂದುಕೊಂಡರೆ, ಇಳಿಜಾರು ಸುಮಾರು 1.6 ÷ ತ್ರಿಜ್ಯ. ತ್ರಿಜ್ಯ 0.5 ಮಿಮೀ ಇದ್ದರೆ ಮಿಲಿಮೀಟರಿಗೆ 3.2. ಫೋಕಸ್ ತಪ್ಪಿ 1 ಮಿಮೀ ಆದರೆ ಅದರ ಅರ್ಧ. ‘ನಿನ್ನೆಯ ಕ್ಯಾಲಿಬ್ರೇಷನ್ ಇವತ್ತು ಹೊಂದುತ್ತಿಲ್ಲ’ ಎಂಬ ತೊಂದರೆ ಕ್ವಾಡ್ರಂಟ್‌ನಲ್ಲಿ ಬಂದರೆ ಮೊದಲು ಫೋಕಸ್ ನೋಡಿ. ಚುಕ್ಕೆ ಸಂದಿಗಿಂತ ಬಹಳ ದೊಡ್ಡದಿರಲಿ. ತೀರಾ ಚಿಕ್ಕದಾದರೆ ನಡುವೆ ಬಂದಾಗ ಮೊತ್ತ ಗುಂಡಿ ಬಿದ್ದಂತೆ ಇಳಿಯುತ್ತದೆ.

ಕ್ಯಾಮೆರಾ ಬಳಸುವಾಗ

ಆಟೋ ಎಕ್ಸ್‌ಪೋಷರ್, ಆಟೋ ಗೇನ್, ಗಾಮಾ (ಹೊಳಪಿನ ತಿದ್ದುಪಡಿ) ಎಲ್ಲ ಆಫ್ ಮಾಡಿ. ಒತ್ತಿ ಕುಗ್ಗಿಸಿದ ಚಿತ್ರ ಬೇಡ, ಕಚ್ಚಾ ಡೇಟಾ ತೆಗೆಯಿರಿ. 8 ಬಿಟ್ ಚಿತ್ರದಲ್ಲಿ ಚುಕ್ಕೆಯ ನಡು 255 ಮುಟ್ಟದಿರಲಿ, 200ರ ಆಸುಪಾಸು ಇದ್ದರೆ ಚೆನ್ನ. ಕೆಂಪು ಲೇಸರಿಗೆ ಬಣ್ಣದ ಕ್ಯಾಮೆರಾ ಬಳಸಿದರೆ ನಾಲ್ಕರಲ್ಲಿ ಒಂದು ಪಿಕ್ಸೆಲ್ ಮಾತ್ರ ಸರಿಯಾಗಿ ನೋಡುತ್ತದೆ. ಕಪ್ಪು-ಬಿಳುಪಿನದ್ದೇ ಬೇಕು.

ಎಲ್ಲಕ್ಕಿಂತ ದೊಡ್ಡ ತಪ್ಪು ಹಿನ್ನೆಲೆಯನ್ನು ಕಳೆಯದೆ ಇಡೀ ಚಿತ್ರದ ಕೇಂದ್ರ ಲೆಕ್ಕ ಹಾಕುವುದು. 10 ಲಕ್ಷ ಪಿಕ್ಸೆಲ್‌ಗಳ ಚಿತ್ರದಲ್ಲಿ ಪ್ರತಿ ಪಿಕ್ಸೆಲ್‌ಗೆ ಹಿನ್ನೆಲೆ ಬರೀ 1 ಇದ್ದರೂ ಮೊತ್ತ 10 ಲಕ್ಷ. ಸರಾಸರಿ 100 ಇರುವ 20 × 20 ಪಿಕ್ಸೆಲ್ ಚುಕ್ಕೆಯ ಮೊತ್ತ 40 ಸಾವಿರ. ಹಿನ್ನೆಲೆ ಚುಕ್ಕೆಗಿಂತ 25 ಪಟ್ಟು! ಚುಕ್ಕೆ ಎಲ್ಲೇ ಇರಲಿ, ಉತ್ತರ ಚಿತ್ರದ ನಡುವಿನ ಹತ್ತಿರವೇ ಬರುತ್ತದೆ. ಹಿನ್ನೆಲೆ ಕಳೆದು, ಚುಕ್ಕೆಯ ಸುತ್ತ ಸಣ್ಣ ಚೌಕ ಹಾಕಿ, ಅದರೊಳಗೆ ಮಾತ್ರ ಲೆಕ್ಕ ಮಾಡಿ.

ಇಷ್ಟೆಲ್ಲ ನೋಡಿದ ಮೇಲೂ ಸರಿಹೋಗದಿದ್ದರೆ

ಆಗ ಸೆನ್ಸರ್ ನಿಮ್ಮ ಕೆಲಸಕ್ಕೆ ಹೊಂದುತ್ತದೆಯೇ ಎಂದು ಕೇಳಿಕೊಳ್ಳಿ. ಸಿಲಿಕಾನ್ ನೋಡುವುದು ಸುಮಾರು 400ರಿಂದ 1100 ನ್ಯಾನೊಮೀಟರ್ ತನಕ. 1550ರ ಲೇಸರ್ ಅದಕ್ಕೆ ಕಾಣುವುದೇ ಇಲ್ಲ, ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ಸೆನ್ಸರ್ ಬೇಕು. ಒಂದೇ ಒಂದು ಶುಭ್ರವಾದ ಚುಕ್ಕೆ, ಹಲವು ಮಿಲಿಮೀಟರ್ ಓಡಾಟ, ವೇಗವೂ ಬೇಕು ಎಂದರೆ ಪಿಎಸ್‌ಡಿ. ಚುಕ್ಕೆಯನ್ನು ನಡುವೆಯೇ ಹಿಡಿದಿಡುವ ಕೆಲಸಕ್ಕೆ ಕ್ವಾಡ್ರಂಟ್. ಎರಡು ಮೂರು ಚುಕ್ಕೆ, ಕೊಳಕು ಬೆಳಕು, ಒರಟು ಮೈ ಇದ್ದರೆ ಕ್ಯಾಮೆರಾ, ವೇಗ ಕಡಿಮೆಯಾದರೂ ಪರವಾಗಿಲ್ಲ.

ಸೆನ್ಸರ್ ನಿಜವಾಗಿಯೇ ಸತ್ತಿದೆಯೇ ಎಂದು ನೋಡಲು ಅದನ್ನು ಸರ್ಕ್ಯೂಟಿನಿಂದ ಬಿಡಿಸಿ ಕತ್ತಲೆಯಲ್ಲಿ ಮಲ್ಟಿಮೀಟರ್ ಹಚ್ಚಿ. ಡಯೋಡ್ ಪರೀಕ್ಷೆಯಲ್ಲಿ ಒಂದು ದಿಕ್ಕಿಗೆ ಸುಮಾರು 0.5ರಿಂದ 0.7 ವೋಲ್ಟ್ ಬರಬೇಕು, ಎದುರು ದಿಕ್ಕಿಗೆ ಏನೂ ಹರಿಯಬಾರದು. ಪಿಎಸ್‌ಡಿ ಆದರೆ ಎರಡು ತುದಿಗಳ ನಡುವಿನ ರೋಧವನ್ನು ಡೇಟಾಶೀಟ್ ಜೊತೆ ಹೋಲಿಸಿ. ಬೆಳಕಿನಲ್ಲಿ ಅಳೆದರೆ ಈ ಸಂಖ್ಯೆ ನಂಬುವಂತಿರುವುದಿಲ್ಲ. ಇವೆಲ್ಲ ಸರಿ ಇದ್ದು, ಸರಿಸುವ ಪರೀಕ್ಷೆಯಲ್ಲಿ ಯಾವಾಗಲೂ ಸೆನ್ಸರಿನ ಒಂದೇ ಜಾಗದಲ್ಲಿ ಮೊತ್ತ ಕುಸಿದು ಗೆರೆ ಮುರಿಯುತ್ತಿದ್ದರೆ, ಮೊದಲು ಗಾಜನ್ನು ಒರೆಸಿ ಮತ್ತೆ ಅಳೆಯಿರಿ. ಧೂಳಾದರೆ ಹೋಗುತ್ತದೆ. ಅದೇ ಜಾಗದಲ್ಲಿ ಮತ್ತೆ ಮುರಿದರೆ, ತೀರಾ ಸಣ್ಣಗೆ ಫೋಕಸ್ ಮಾಡಿದ ಲೇಸರ್ ಅಲ್ಲಿ ಸಿಲಿಕಾನನ್ನು ಸುಟ್ಟಿರುವ ಸಾಧ್ಯತೆ ಹೆಚ್ಚು. ಹೊಸ ಸೆನ್ಸರ್ ಕೂರಿಸುವ ಮುಂಚೆ ಪವರ್ ಇಳಿಸಿ, ಚುಕ್ಕೆ ಅಗಲಿಸಿ. ಕೂರಿಸಿದ ಕೂಡಲೇ ನಾಲ್ಕೂ ಪರೀಕ್ಷೆ ಮಾಡಿ, ಆ ದಿನದ ಗ್ರಾಫನ್ನೂ ಮೊತ್ತವನ್ನೂ ಸೆಟಪ್ ಜೊತೆಯಲ್ಲೇ ತೆಗೆದಿಡಿ.